ಗುಂಡನ್ನು ಹಿಡಿದಿಡುವುದು ಯಾವುದು?

ಕೊಡಗಿನಲ್ಲಿ ಸ್ಟ್ರಿಂಗರ್ ಕೆಲಸ ಮಾಡುವವರಿಗೆ ಮೂರು ಸುದ್ದಿ ವರ್ಷಪೂರ್ತಿ ತಪ್ಪಿದ್ದಲ್ಲ: ಮಳೆ, ಆನೆ, ಕೋವಿ. ಮಳೆಗೆ ಮಿಲಿಮೀಟರಿನ ಲೆಕ್ಕ ಇದೆ. ಆನೆಗೆ ಅರಣ್ಯ ಇಲಾಖೆಯ ಹೇಳಿಕೆ ಇದೆ. ಕೋವಿಯ ವಿಷಯ ಬಂದಾಗ ಮಾತ್ರ ನಮ್ಮ ಬಳಗಕ್ಕೆ ಪದಗಳೇ ಕಡಿಮೆ. ‘ಜೀವಂತ ಗುಂಡು’, ‘ನಾಡ ಬಂದೂಕು’, ‘ಮಿಸ್‌ಫೈರ್’. ಈ ಮೂರನ್ನೇ ಹಿಂದೆ ಮುಂದೆ ಮಾಡಿ ಹತ್ತು ವರ್ಷದ ವರದಿಗಳನ್ನು ಬರೆದು ಮುಗಿಸಬಹುದು.

ನಾವು ಎಂದರೆ ಇಬ್ಬರು. ಒಬ್ಬರ ಕೈಯಲ್ಲಿ ಪೆನ್ನು, ಇನ್ನೊಬ್ಬರ ಕೈಯಲ್ಲಿ ಕ್ಯಾಮೆರಾ. ಒಂದೇ ಬ್ಯಾಚಿನ ಡಿಪ್ಲೊಮಾ, ಒಂದೇ ಬೈಕು, ಪೆಟ್ರೋಲ್ ಖರ್ಚಿನಲ್ಲಿ ಅರ್ಧರ್ಧ. ಡಿಪ್ಲೊಮಾದಲ್ಲಿ ಇಂಟ್ರೊ ಬರೆಯುವುದು ಹೇಗೆ, ಮಾನಹಾನಿ ಕಾನೂನು ಏನು ಹೇಳುತ್ತದೆ, ಇವನ್ನೆಲ್ಲ ಹೇಳಿಕೊಟ್ಟರು. ಒಂದು ತೋಟಾದೊಳಗೆ ಏನಿರುತ್ತದೆ ಎಂದು ಯಾರೂ ಹೇಳಲಿಲ್ಲ. ಅದನ್ನು ಕಲಿಯಬೇಕಾಗಿ ಬಂದದ್ದು ಒಂದು ಸಾವಿನಿಂದ.

ಅದಕ್ಕೆ ಮೊದಲು ಹೊರ ಜಿಲ್ಲೆಯ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ. ನಮ್ಮ ಜಿಲ್ಲೆಯಲ್ಲಿ ಕೋವಿ ಬರೀ ಆಯುಧ ಅಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 3ರ ಆಸುಪಾಸು ಕೈಲ್ ಮುಹೂರ್ತದ ದಿನ ಮನೆಯ ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ‘ತೋಕ್ ಪೂ’ ಎಂದು ಕರೆಯುವ ಕೆಂಪು ಹಳದಿ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್ ಎಂದರೆ ಕೋವಿ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ದೂರದ ತೋಟದಲ್ಲಿ ಇರುವವರು ಶಬ್ದ ಎಣಿಸಿಯೇ ಹೊರಡುತ್ತಾರೆ.

1857ರ ದಂಗೆಯ ನಂತರ ಬ್ರಿಟಿಷರು ದೇಶದ ಜನರಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಅದೇ ಮುಂದುವರಿದು, 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಅವಕಾಶ ಸಿಕ್ಕಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ 2021ರಲ್ಲಿ ವಜಾ ಆಯಿತು. ಉಳಿದವರದ್ದು ಬೆಳೆ ರಕ್ಷಣೆಯ ಲೈಸೆನ್ಸ್. ಚುನಾವಣೆ ಬಂದಾಗಲೆಲ್ಲ ಅವರು ಠಾಣೆಗೆ ಕೋವಿ ಒಪ್ಪಿಸಬೇಕು, ಆ ಎರಡು ತಿಂಗಳು ಹಂದಿಗಳಿಗೆ ಸುಗ್ಗಿ ಎಂದು ರೈತರು ಗೊಣಗಬೇಕು, ನಾವು ಆ ಗೊಣಗಾಟವನ್ನು ಸುದ್ದಿ ಮಾಡಬೇಕು.

ಇಷ್ಟು ಕೋವಿ ಇರುವ ಊರಿನಲ್ಲಿ ಅಪಘಾತಗಳೂ ಇರುತ್ತವೆ.

ಒಂದು ಪದ

ಒಂದು ಮಳೆಗಾಲದ ಸಂಜೆ ಕಾಫಿ ತೋಟವೊಂದರಲ್ಲಿ ಲೈನ್‌ಮನೆಯ ಕಾರ್ಮಿಕನೊಬ್ಬ ಸತ್ತ. ಹಂದಿ ಓಡಿಸಲು ಹೊರಟವರಲ್ಲಿ ಅವನು ಮುಂದೆ, ಕೋವಿ ಹಿಡಿದವರು ಹಿಂದೆ. ಕಪ್ಪು ದಾಟುವಾಗ ಗುಂಡು ಹಾರಿತು. ನಾವು ಹೋಗುವ ಹೊತ್ತಿಗೆ ಶವ ಜಿಲ್ಲಾಸ್ಪತ್ರೆಗೆ ಹೋಗಿತ್ತು, ಕೋವಿ ಠಾಣೆಗೆ ಹೋಗಿತ್ತು. ಕಪ್ಪಿನ ಅಂಚಿನಲ್ಲಿ ಒಂದು ಹವಾಯಿ ಚಪ್ಪಲಿ ಬಿದ್ದಿತ್ತು.

ನಾವು ಕಳಿಸಿದ ಸುದ್ದಿಯಲ್ಲಿ ‘ಹಿಂದಿದ್ದವರ ಕೈಯಲ್ಲಿದ್ದ ಕೋವಿಯಿಂದ ಹಾರಿದ ಗುಂಡು ತಗುಲಿ’ ಎಂದಿತ್ತು. ಬೆಳಿಗ್ಗೆ ಅಚ್ಚಾಗಿ ಬಂದದ್ದು ‘ಮಿಸ್‌ಫೈರ್: ಕಾರ್ಮಿಕ ಸಾವು’. ಡೆಸ್ಕಿನವರಿಗೆ ತಲೆಬರಹದಲ್ಲಿ ಜಾಗ ಕಡಿಮೆ, ಈ ಪದ ಚಿಕ್ಕದು. ಅವತ್ತೇ ಶವಾಗಾರದ ಹತ್ತಿರ ಸತ್ತವನ ಭಾವಮೈದುನ ನಮ್ಮನ್ನು ನಿಲ್ಲಿಸಿ ಕೇಳಿದ: “ಅಣ್ಣಾ, ಮಿಸ್‌ಫೈರ್ ಅಂದ್ರೆ ತಪ್ಪು ಯಾರದ್ದೂ ಅಲ್ಲ ಅಂತಾನಾ?”

ಅವನಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ತೋಟದ ಕಡೆಯವರು ಆಗಲೇ ಅವನ ಅಕ್ಕನಿಗೆ ಹೇಳಿ ಆಗಿತ್ತು: ಕೋವಿಯವರದ್ದೇನೂ ತಪ್ಪಿಲ್ಲ, ತೋಟಾ ಸರಿ ಇರಲಿಲ್ಲ, ಯಾರೋ ಹಳೇ ತೋಟಾಕ್ಕೆ ಮತ್ತೆ ಮದ್ದು ತುಂಬಿ ಕೊಟ್ಟದ್ದು, ಬಾಯಿ ಸರಿಯಾಗಿ ಮಡಚಿರಲಿಲ್ಲ, ಅದಕ್ಕೇ ಹಾರಿಬಿಟ್ಟಿತು. ಹೀಗೆ ಹೇಳಿದ ಮೇಲೆ ಕೇಸು ಯಾಕೆ, ಕೊಟ್ಟಷ್ಟು ತೆಗೆದುಕೊಂಡು ಊರಿಗೆ ಹೋಗಿ ಎನ್ನುವುದು ಮುಂದಿನ ಮಾತು.

ಬಾಯಿ ಸರಿಯಾಗಿ ಮಡಚದ ತೋಟಾ ತಾನಾಗಿ ಹಾರುತ್ತದೆಯೇ? ಮಡಿಕೆ ಎಂದರೆ ಏನು? ಗುಂಡನ್ನು ತೋಟಾದಲ್ಲಿ ಹಿಡಿದಿಡುವುದು ಯಾವುದು? ಠಾಣೆಯಲ್ಲಿ ಕೇಳಿದರೆ ಎಫ್‌ಎಸ್‌ಎಲ್ ವರದಿ ಬರಲಿ ಅಂದರು. ವರದಿಗೆ ತಿಂಗಳುಗಳು ಹಿಡಿಯುತ್ತವೆ. ಆ ಹೆಂಗಸಿಗೆ ಅಷ್ಟು ಸಮಯ ಇರಲಿಲ್ಲ.

ಅಪ್ಪ, ಮಗ ಮತ್ತು ಒಂದು ಬಿರಡೆ

ನಮಗೆ ಗೊತ್ತಿರುವ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಸೈನ್ಯದಲ್ಲಿ ಆಯುಧ ರಿಪೇರಿಯ ಕೆಲಸದಲ್ಲಿದ್ದವರು. ಅವರ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಎಂಜಿನಿಯರ್. ಆ ವರ್ಷ ಕೈಲ್ ಮುಹೂರ್ತಕ್ಕೆ ಊರಿಗೆ ಬಂದಿದ್ದರು. ಅಲ್ಲಿ ವಾರಾಂತ್ಯದಲ್ಲಿ ಅವರ ಹವ್ಯಾಸ ಎಂದರೆ ತಮ್ಮ ರೈಫಲಿನ ತೋಟಾಗಳನ್ನು ತಾವೇ ತುಂಬಿಕೊಳ್ಳುವುದು. ಮಾರುವುದಕ್ಕಾದರೆ ಅಲ್ಲಿ ಲೈಸೆನ್ಸ್ ಬೇಕು, ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಗ್ಯಾರೇಜಿನ ಮೇಜಿಗೆ ಒಂದು ಪ್ರೆಸ್ ಬಿಗಿದಿರುತ್ತಾರೆ. ನಮ್ಮ ಪ್ರೆಸ್ ಅಲ್ಲ, ಕೈಯಿಂದ ಹಿಡಿಕೆ ಎಳೆದು ಒತ್ತುವ ಯಂತ್ರ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅಪರಾಧ. ಕೊಡಗಿನ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ಮಗ ಬರುವಾಗ ಒಂದು ಖಾಲಿ ತೋಟಾವನ್ನೂ ತಂದಿರಲಿಲ್ಲ. ನಮಗೆ ತೋರಿಸಿದ್ದೆಲ್ಲ ಲ್ಯಾಪ್‌ಟಾಪಿನ ವಿಡಿಯೊ ಮತ್ತು ಕಾಗದದ ಮೇಲೆ ಪೆನ್ಸಿಲ್ ಚಿತ್ರ.

ರೈಫಲಿನ ತೋಟಾಕ್ಕೆ ನಾಲ್ಕು ಭಾಗ. ಹಿತ್ತಾಳೆಯ ಕೇಸು (ಠಾಣೆಯ ಕೇಸಲ್ಲ), ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ನಮ್ಮ ವರದಿಗಳಲ್ಲಿ ಇಡೀ ತೋಟಾವನ್ನೇ ‘ಗುಂಡು’ ಎಂದು ಬರೆಯುತ್ತೇವೆ. ಹಾರಿ ಹೋಗುವುದು ತುದಿಯ ಒಂದು ಭಾಗ ಮಾತ್ರ. ಕೇಸಿನ ಆಕಾರ ಬಾಟಲಿಯದ್ದು: ಹೊಟ್ಟೆ ಅಗಲ, ಹೆಗಲು ಇಳಿಜಾರು, ಕತ್ತು ಸಣ್ಣ. ಗುಂಡು ಕೂರುವುದು ಆ ಕತ್ತಿನಲ್ಲಿ.

ಗುಂಡು ಅಲ್ಲಿ ನಿಲ್ಲುವುದು ಹೇಗೆ? ಎರಡು ದಾರಿ.

ಮೊದಲನೆಯದು ಕತ್ತಿನ ಬಿಗಿ. ಅವರು ನೆಕ್ ಟೆನ್ಷನ್ ಅನ್ನುತ್ತಾರೆ. ಕತ್ತಿನ ಒಳಗಿನ ಅಳತೆ ಗುಂಡಿನ ದಪ್ಪಕ್ಕಿಂತ ಒಂದು ಚೂರು ಕಡಿಮೆ ಇರುತ್ತದೆ. ಗುಂಡನ್ನು ಒತ್ತಿ ಕೂರಿಸಿದಾಗ ಹಿತ್ತಾಳೆ ಹಿಗ್ಗುತ್ತದೆ, ಮತ್ತೆ ಕುಗ್ಗಲು ನೋಡುತ್ತದೆ, ಆ ಕುಗ್ಗುವ ಬಲವೇ ಗುಂಡನ್ನು ಹಿಡಿಯುತ್ತದೆ. ಮಗ ತುಂಬುವ .308 ರೈಫಲಿನಲ್ಲಿ ಗುಂಡಿನ ದಪ್ಪ 0.308 ಇಂಚು. ಕತ್ತಿನ ಒಳಗಿನ ಅಳತೆಯನ್ನು ಅವರು 0.306ಕ್ಕೆ ತರುತ್ತಾರೆ. ವ್ಯತ್ಯಾಸ ಒಂದು ಇಂಚಿನ ಸಾವಿರದ ಎರಡು ಭಾಗ, ಅಂದರೆ 0.05 ಮಿಲಿಮೀಟರ್. ನಾವು ದಿನಾ ಮಡಚಿ ಜೇಬಿಗಿಟ್ಟುಕೊಳ್ಳುವ ಪತ್ರಿಕೆಯ ಹಾಳೆಗಿಂತ ತೆಳು.

ಎರಡನೆಯದು ಕ್ರಿಂಪ್. ಗುಂಡು ಕೂರಿಸಿ ಆದ ಮೇಲೆ ಕೇಸಿನ ಬಾಯಿಯ ಅಂಚನ್ನು ಒಳಕ್ಕೆ ಒತ್ತುವುದು. ಗುಂಡಿನ ಸುತ್ತ ಮೊದಲೇ ಒಂದು ಗೀರು ಕೊರೆದಿದ್ದರೆ ಅಂಚು ಆ ಗೀರಿಗೆ ಮಡಚಿ ಕೂರುತ್ತದೆ.

ಮಗ ಇದನ್ನು ಹೇಳುವಾಗ ಮೇಜಿನ ಮೇಲೆ ಮನೆಯಲ್ಲೇ ಮಾಡಿದ ವೈನಿನ ಬಾಟಲಿ ಇತ್ತು. “ಇದರ ಬಿರಡೆ ನೋಡಿ, ಅದು ನೆಕ್ ಟೆನ್ಷನ್. ಸೋಡಾ ಬಾಟಲಿಯ ತಗಡಿನ ಮುಚ್ಚಳ ಕ್ರಿಂಪ್” ಎಂದರು. ಬಿರಡೆಗೆ ಯಾರೂ ಮಡಿಕೆ ಹಾಕುವುದಿಲ್ಲ, ಆದರೂ ಅದನ್ನು ಎಳೆಯಲು ತಿರುಪು ಬೇಕು.

“ಅದೆಲ್ಲ ಶೋಕಿಗೆ ಸರಿ,” ಎಂದರು ಸುಬೇದಾರರು. “ಕ್ರಿಂಪ್ ಇಲ್ಲದ ತೋಟಾವನ್ನು ನಾನು ಜವಾನನ ಕೈಗೆ ಕೊಡಲ್ಲ.”

“ಅಪ್ಪ, ನಿಮ್ಮದು ಮಷಿನ್‌ಗನ್. ನನ್ನದು ಒಂದೊಂದೇ ಹೊಡೆಯೋ ರೈಫಲ್.”

“ಬಿದ್ರೆ ಎರಡೂ ಬೀಳೋದೇ.”

ಅಪ್ಪ ಮಗ ಇಬ್ಬರೂ ಹಠದವರು. ಎರಡು ದಿನ ಈ ಜಗಳ ನಡೆಯಿತು. ನಮಗೆ ಅದರಿಂದ ಆದ ಲಾಭ ದೊಡ್ಡದು, ಯಾಕೆಂದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷೆ ಮಾಡದೆ ಬಿಡಲಿಲ್ಲ.

ಇಬ್ಬರ ವಾದ

ಸುಬೇದಾರರ ವಾದ ಹೀಗೆ. ಸೈನ್ಯದ ತೋಟಾ ಪೆಟ್ಟಿಗೆಯಲ್ಲಿ ಲಾರಿ ಮೇಲೆ ಕುಣಿಯುತ್ತದೆ, ಹಿಮದಲ್ಲಿ ಮಲಗುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಸ್ವಯಂಚಾಲಿತ ಆಯುಧ ಅದನ್ನು ಹಿಂದಿನಿಂದ ಗುದ್ದಿ ನಳಿಗೆಗೆ ತಳ್ಳುತ್ತದೆ. ಆ ಗುದ್ದಿಗೆ ಗುಂಡು ಒಳಕ್ಕೆ ಜರುಗಿದರೆ ಮದ್ದಿಗೆ ಇರುವ ಜಾಗ ಕಡಿಮೆಯಾಗುತ್ತದೆ, ಜಾಗ ಕಡಿಮೆಯಾದರೆ ಒತ್ತಡ ಏರುತ್ತದೆ, ಒತ್ತಡ ಮಿತಿ ಮೀರಿದರೆ ಹೊಡೆಯುವವನ ಮುಖದ ಹತ್ತಿರವೇ ಕಬ್ಬಿಣ ಸೀಳುತ್ತದೆ. ಅದಕ್ಕೇ ಸೇನೆಯ ತೋಟಾಗಳಿಗೆ ಸಾಮಾನ್ಯವಾಗಿ ಕ್ರಿಂಪ್ ಇರುತ್ತದೆ, ನೀರು ಹೋಗದಂತೆ ಬಾಯಿಗೆ ಅಂಟು ಬಳಿದಿರುತ್ತದೆ.

ಮಗ ಇದನ್ನು ಅಲ್ಲಗಳೆಯಲಿಲ್ಲ. ಕ್ರಿಂಪ್ ಬೇಕೇ ಬೇಕಾದ ಇನ್ನೂ ಕೆಲವು ಸಂದರ್ಭಗಳನ್ನು ಅವರೇ ಸೇರಿಸಿದರು. ಅಮೆರಿಕದ ಹಳೆಯ .30-30ಯಂಥ ಸನ್ನೆ ಎಳೆಯುವ ರೈಫಲುಗಳಲ್ಲಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಕೂತಿರುತ್ತವೆ. ಹಿಂದಿನದರ ಮೂಗು ಮುಂದಿನದರ ಬುಡಕ್ಕೆ. ಪ್ರತಿ ಹೊಡೆತಕ್ಕೂ ಇಡೀ ಸಾಲು ಗುದ್ದಾಡುತ್ತದೆ. ಕತ್ತಿನ ಬಿಗಿ ಒಂದೇ ಅಲ್ಲಿ ಸಾಲದು. ಆನೆ, ಕಾಡೆಮ್ಮೆ ಹೊಡೆಯಲೆಂದು ಆಫ್ರಿಕಕ್ಕೆ ಒಯ್ಯುತ್ತಿದ್ದ ಭಾರೀ ರೈಫಲುಗಳಲ್ಲೂ ಹಾಗೆಯೇ, ಒದೆತ ಅಷ್ಟು ಜೋರು. ರಿವಾಲ್ವರಿನಲ್ಲಿ ಉಲ್ಟಾ: ಆಯುಧ ಹಿಂದಕ್ಕೆ ಒದೆಯುವಾಗ ಕೇಸು ಅದರ ಜೊತೆ ಹಿಂದೆ ಹೋಗುತ್ತದೆ, ಗುಂಡು ಇದ್ದಲ್ಲೇ ನಿಲ್ಲಲು ನೋಡಿ ಹೊರಕ್ಕೆ ಬರುತ್ತದೆ, ಚಕ್ರ ಸಿಕ್ಕಿಕೊಳ್ಳುತ್ತದೆ.

ಆದರೆ ತೋಟಾವನ್ನು ಜೋಪಾನವಾಗಿ ಡಬ್ಬಿಯಲ್ಲಿಟ್ಟು, ಒಂದೊಂದೇ ಹಾಕಿ, ದೂರದ ಹಾಳೆಯಲ್ಲಿ ಒಂದೇ ತೂತಿಗೆ ಐದು ಗುಂಡು ಹೊಡೆಯಲು ನೋಡುವವರಿಗೆ ಲೆಕ್ಕ ಬೇರೆ. ಅವರಿಗೆ ಬೇಕಾದದ್ದು ಬಲವಾದ ಹಿಡಿತ ಅಲ್ಲ, ಪ್ರತಿ ಸಲವೂ ಒಂದೇ ತರಹದ ಹಿಡಿತ. ಹಿಡಿತ ಹೆಚ್ಚುಕಡಿಮೆ ಆದರೆ ಗುಂಡು ಬಿಟ್ಟುಕೊಳ್ಳುವ ಗಳಿಗೆ ಹೆಚ್ಚುಕಡಿಮೆ, ವೇಗ ಹೆಚ್ಚುಕಡಿಮೆ, ದೂರದಲ್ಲಿ ಗುಂಡು ಮೇಲೆ ಕೆಳಗೆ. ವೇಗವನ್ನು ಅಳೆಯುವ ಸಣ್ಣ ಯಂತ್ರ ಅವರ ಹತ್ತಿರ ಇದೆ, ಬಾಯಿಮಾತು ನಡೆಯುವುದಿಲ್ಲ.

ಕ್ರಿಂಪ್ ಒಂದೇ ತರಹ ಬರಬೇಕಾದರೆ ಎಲ್ಲ ಕೇಸುಗಳ ಉದ್ದ ಒಂದೇ ಇರಬೇಕು. ಹಿತ್ತಾಳೆ ಪ್ರತಿ ಸಲ ಹಾರಿಸಿ ಒತ್ತಿದಾಗ ಸ್ವಲ್ಪ ಉದ್ದವಾಗುತ್ತದೆ. ಕತ್ತರಿಸಿ ಸಮ ಮಾಡದಿದ್ದರೆ ಉದ್ದದ್ದಕ್ಕೆ ಜಾಸ್ತಿ ಮಡಿಕೆ, ಗಿಡ್ಡದ್ದಕ್ಕೆ ಕಡಿಮೆ. ಜಾಸ್ತಿ ಒತ್ತಿದರೆ ಹೆಗಲು ಉಬ್ಬಿ ತೋಟಾ ನಳಿಗೆಯೊಳಗೇ ಹೋಗುವುದಿಲ್ಲ. ಹಿತ್ತಾಳೆ ಸಹ ಮುದುಕಾಗುತ್ತದೆ. ಮತ್ತೆ ಮತ್ತೆ ಹಿಗ್ಗಿ ಕುಗ್ಗಿ ಗಡುಸಾಗಿ, ಕೊನೆಗೆ ಕತ್ತು ಬಿರುಕು ಬಿಡುತ್ತದೆ. ಅದಕ್ಕೆ ಕತ್ತನ್ನು ಮಾತ್ರ ಹದವಾಗಿ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಸೇನೆಯ ಎಷ್ಟೋ ತೋಟಾಗಳ ಕತ್ತಿನ ಹತ್ತಿರ ಕಾಣುವ ನೀಲಿ ಛಾಯೆ ಹೀಗೆ ಕಾಯಿಸಿದ್ದರ ಗುರುತು.

ನಮ್ಮನ್ನು ನಿಜವಾಗಿ ಬೆರಗು ಮಾಡಿದ್ದು ಇದರ ಮುಂದಿನ ಮಾತು. ಕತ್ತು ಸಡಿಲ ಇದ್ದರೆ ಗಟ್ಟಿ ಕ್ರಿಂಪ್ ಹಾಕಿ ಸರಿಮಾಡಬಹುದು ಎಂದು ನಾವು ಅಂದುಕೊಂಡಿದ್ದೆವು, ಯಾರೂ ಹಾಗೇ ಅಂದುಕೊಳ್ಳುತ್ತಾರೆ. ಅದು ಆಗುವುದಿಲ್ಲ. ಅತಿಯಾಗಿ ಒತ್ತಿದರೆ ಕೆಲವೊಮ್ಮೆ ಇದ್ದ ಹಿಡಿತವೂ ಹೋಗುತ್ತದೆ. ಕಾರಣ ಲೋಹದ ಗುಣ. ಒತ್ತಡ ತೆಗೆದ ಕೂಡಲೇ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಗುಂಡಿನ ಹೊಟ್ಟೆಯಲ್ಲಿರುವ ಸೀಸ ಚಿಮ್ಮುವುದಿಲ್ಲ, ಅಮುಕಿದಲ್ಲೇ ಉಳಿಯುತ್ತದೆ. ಹೀಗೆ ಇಬ್ಬರ ನಡುವೆ ಸಂದು ಬೀಳುತ್ತದೆ.

ಇಲ್ಲಿ ಸುಬೇದಾರರೂ ತಲೆ ಆಡಿಸಿದರು. ಎದ್ದು ಹೋಗಿ ಹಿತ್ತಲಿನಿಂದ ಒಂದು ಕೊಡಲಿ ತಂದರು. “ಕಾವು ಸರಿಯಾಗಿ ಕೆತ್ತಿ ಕೂರಿಸಿದರೆ ಬೆಣೆ ಹೊಡೆಯೋದು ಭದ್ರತೆಗೆ. ಕಾವೇ ಸಡಿಲ ಇದ್ರೆ ಎಷ್ಟು ಬೆಣೆ ಹೊಡೆದರೂ ಒಂದು ದಿನ ತಲೆ ಹಾರ್ತದೆ. ಕಾವು ಮೊದಲು, ಬೆಣೆ ಆಮೇಲೆ.”

ಜಗಳ ಅಲ್ಲಿಗೆ ಮುಗಿಯಿತು ಎಂದಲ್ಲ. ಮರುದಿನ ಗುರಿ ಅಭ್ಯಾಸದ ಹೊತ್ತಿಗೆ ಮಗ ಹಾರ್ಡ್‌ವೇರ್ ಅಂಗಡಿಯಿಂದ ವರ್ನಿಯರ್ ಕ್ಯಾಲಿಪರ್ ತಂದರು. ಮನೆಯ .315 ರೈಫಲಿಗೆ ಕಾರ್ಖಾನೆಯ ತೋಟಾ ಐದು ತುಂಬುವ ಮೊದಲು ಒಂದರ ಬುಡಕ್ಕೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ ಉದ್ದ ಅಳೆದರು. ಗುರುತಿನದ್ದನ್ನು ಎಲ್ಲಕ್ಕಿಂತ ಕೆಳಗೆ ತುಂಬಿ ಮೇಲಿನ ನಾಲ್ಕನ್ನು ಹೊಡೆದರು. ಪ್ರತಿ ಸಲ ರೈಫಲ್ ಹಿಂದಕ್ಕೆ ಒದ್ದಾಗ ಮ್ಯಾಗಜಿನಿನಲ್ಲಿ ಉಳಿದ ತೋಟಾದ ಮೂಗು ಮುಂದಿನ ಗೋಡೆಗೆ ಬಡಿಯುತ್ತದೆ. ನಾಲ್ಕು ಬಡಿತ ತಿಂದದ್ದನ್ನು ಹೊರತೆಗೆದು ಮತ್ತೆ ಅಳೆದರು. ಉದ್ದ ಅಷ್ಟೇ ಇತ್ತು. “ಹಿಡಿತ ಸಾಕು” ಎಂದರು ಮಗ. “ಈ ರೈಫಲಿಗೆ, ಈ ತೋಟಾಕ್ಕೆ” ಎಂದು ಸೇರಿಸಿದರು ಅಪ್ಪ. ನಾವು ಎರಡನ್ನೂ ಬರೆದುಕೊಂಡೆವು.

ಚರೆ ತೋಟಾದ ಕಥೆ ಬೇರೆ

ಇನ್ನು ನಮ್ಮ ಪ್ರಶ್ನೆಗೆ ಬರೋಣ. ತೋಟದಲ್ಲಿ ಹಾರಿದ್ದು ರೈಫಲ್ ಅಲ್ಲ, ಜೋಡು ನಳಿಗೆಯ 12 ಬೋರ್ ಕೋವಿ. ಅದರ ತೋಟಾದಲ್ಲಿ ಕತ್ತೇ ಇಲ್ಲ. ನೆಟ್ಟಗಿನ ಕೊಳವೆ, ಒಳಗೆ ಮದ್ದು, ಮೇಲೆ ಬಿಲ್ಲೆ, ಅದರ ಮೇಲೆ ಸೀಸದ ಚರೆ. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಂಥ ತೋಟಾದಲ್ಲಿ ಬಾಯಿಯ ಮಡಿಕೆಯೇ ಮುಖ್ಯ. ಚರೆ ಚೆಲ್ಲದಂತೆ ಹಿಡಿಯುವುದೂ ಅದೇ, ಮದ್ದು ಪೂರ್ತಿ ಹೊತ್ತಿಕೊಳ್ಳುವ ತನಕ ತಡೆ ಕೊಡುವುದೂ ಅದೇ. ಊರಿನಲ್ಲಿ ತೋಟಾ ಎಂದರೆ ಇದೇ ಆದ್ದರಿಂದ, ಎಲ್ಲ ತೋಟಾವನ್ನೂ ಮಡಿಕೆಯೇ ಹಿಡಿದಿರುತ್ತದೆ ಎಂದು ಜನ ನಂಬಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಮಡಿಕೆ ಸಡಿಲವಾದರೆ ಏನಾಗುತ್ತದೆ? ಅಪ್ಪ ಮಗ ಇಬ್ಬರಿಗೂ ಇಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಚರೆ ಚೆಲ್ಲಬಹುದು. ಮದ್ದು ಅರೆಬರೆ ಉರಿದು ‘ಡಬ್’ ಎಂದು ಮಂಕಾಗಿ ಹಾರಬಹುದು. ಬಿಲ್ಲೆ ನಳಿಗೆಯಲ್ಲೇ ಉಳಿಯಬಹುದು, ಅದನ್ನು ನೋಡದೆ ಮುಂದಿನ ತೋಟಾ ಹೊಡೆದರೆ ನಳಿಗೆ ಒಡೆಯಬಹುದು. ಹಳೆಯ ಕೇಪಿನ ಕೋವಿಯಲ್ಲೂ ಇದೇ ಭಯ: ಗಜ ಹಾಕಿ ಗುಂಡನ್ನು ಮದ್ದಿನ ಮೇಲೆ ಸರಿಯಾಗಿ ಕೂರಿಸದೆ ನಡುವೆ ಸಂದು ಬಿಟ್ಟರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಮೂರೂ ಕಾಲದ ಕೋವಿಗಳಲ್ಲಿ ಗುಂಡು ತನ್ನ ಜಾಗದಲ್ಲಿ ನಿಲ್ಲಬೇಕು ಎನ್ನುವುದು ಒಂದೇ ನಿಯಮ, ನಿಲ್ಲಿಸುವ ಉಪಾಯ ಮಾತ್ರ ಬೇರೆ ಬೇರೆ. ಶಾಲೆಯ ಪುಸ್ತಕದಲ್ಲಿ ನಾವು ಓದಿದ 1857ರ ಕೊಬ್ಬು ಸವರಿದ ತೋಟಾದಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಕಾಗದ.

ಆದರೆ ಸಡಿಲ ಮಡಿಕೆ ಪ್ರೈಮರನ್ನು ಕುಟ್ಟುವುದಿಲ್ಲ. ಪ್ರೈಮರ್ ಹೊತ್ತಬೇಕಾದರೆ ಸೂಜಿ ಬಂದು ಗುದ್ದಬೇಕು. ಸೂಜಿ ಗುದ್ದಬೇಕಾದರೆ ಕುದುರೆ ಬೀಳಬೇಕು. ಕುದುರೆ ಬೀಳಲು ಟ್ರಿಗರ್ ಎಳೆಯಬೇಕು, ಇಲ್ಲವೇ ಕೋವಿಯ ಒಳಗಿನ ಕೊಂಡಿ ಸವೆದಿರಬೇಕು, ಇಲ್ಲವೇ ಕೋವಿ ಜೋರಾಗಿ ಬಿದ್ದಿರಬೇಕು. ತೋಟಾದ ಬಾಯಿಯ ಮಡಿಕೆ ಹೇಗಿದ್ದರೂ ಈ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಮಿಸ್‌ಫೈರ್ ಎಂಬ ಪದದ ನಿಜ ಅರ್ಥವನ್ನೂ ಅವತ್ತೇ ಬರೆದುಕೊಂಡೆವು. ಟ್ರಿಗರ್ ಎಳೆದರೂ ತೋಟಾ ಹಾರದಿದ್ದರೆ ಅದು ಮಿಸ್‌ಫೈರ್. ಎಳೆದು ಒಂದು ಗಳಿಗೆ ತಡವಾಗಿ ಹಾರಿದರೆ ಅದಕ್ಕೆ ಹ್ಯಾಂಗ್‌ಫೈರ್ ಎನ್ನುತ್ತಾರೆ, ಅದಕ್ಕೇ ಹಾರದ ಕೋವಿಯನ್ನು ತಕ್ಷಣ ತೆರೆಯದೆ ನಳಿಗೆಯನ್ನು ಖಾಲಿ ದಿಕ್ಕಿಗೆ ಹಿಡಿದು ಕಾಯಬೇಕು. ಮಿಸ್‌ಫೈರ್ ಆದರೆ ಯಾರೂ ಸಾಯುವುದಿಲ್ಲ. ಸಾವಾಗಿದೆ ಎಂದರೆ ಕೋವಿ ಹಾರಿದೆ ಎಂದರ್ಥ. ನಮ್ಮ ಕನ್ನಡ ಪತ್ರಿಕೆಗಳು, ಟಿವಿಗಳು ಈ ಪದವನ್ನು ಅದರ ಅರ್ಥಕ್ಕೆ ಸರಿಯಾಗಿ ಎದುರಾದ ಕಡೆಗೆ ಬಳಸುತ್ತಿವೆ. ‘ಹಾರಲಿಲ್ಲ’ ಎನ್ನುವ ಪದದಿಂದ ‘ಹಾರಿ ಸತ್ತ’ ಎಂದು ಹೇಳುತ್ತಿದ್ದೇವೆ.

ಇದು ಭಾಷೆಯ ಮಡಿವಂತಿಕೆ ಅಲ್ಲ. ಪದದಲ್ಲಿ ಮನುಷ್ಯ ಇಲ್ಲದಿದ್ದರೆ ಸುದ್ದಿಯಲ್ಲೂ ಇರುವುದಿಲ್ಲ, ಸುದ್ದಿಯಲ್ಲಿ ಇಲ್ಲದಿದ್ದರೆ ರಾಜಿ ಪಂಚಾಯ್ತಿಯಲ್ಲೂ ಇರುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದಕ್ಕೆ ಹಿಂದೆ ಐಪಿಸಿ 304ಎ ಇತ್ತು, ಎರಡು ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ಐದು ವರ್ಷದವರೆಗೆ. ಯಾವ ಸೆಕ್ಷನ್ ಬಂದರೂ ಪ್ರಶ್ನೆ ಒಂದೇ: ಆ ಮನುಷ್ಯ ಮಾಡಬೇಕಾದ ಜಾಗರೂಕತೆ ಮಾಡಿದ್ದನೇ? ತುಂಬಿದ ಕೋವಿ ಹಿಡಿದು ಕಪ್ಪು ದಾಟುವ ಮೊದಲು ತೋಟಾ ಹೊರತೆಗೆಯಬೇಕು ಎಂಬುದು ಕೊಡಗಿನ ಹುಡುಗರಿಗೆ ಕೋವಿ ಮುಟ್ಟುವ ಮೊದಲ ದಿನ ಹೇಳಿಕೊಡುವ ಪಾಠ. ಅದನ್ನು ನಮಗೆ ಹೇಳಿದ್ದು ಸುಬೇದಾರರೇ. ಹೇಳುವಾಗ ಅವರಿಗೆ ಸಂಕಟವಾಯಿತು, ಕೋವಿ ಹಿಡಿದಿದ್ದವರು ಅವರಿಗೆ ಪರಿಚಯದವರು.

ನಾವು ಆ ಭಾವಮೈದುನನನ್ನು ಹುಡುಕಿಕೊಂಡು ಲೈನ್‌ಮನೆಗೆ ಹೋದೆವು. ಅವನ ಅಕ್ಕ ಬಾಗಿಲಲ್ಲಿ ಕೂತಿದ್ದರು. ಕತ್ತು, ಕ್ರಿಂಪ್ ಎಲ್ಲ ಹೇಳಲಿಲ್ಲ. ತೋಟಾ ಕೆಟ್ಟದ್ದಾದರೆ ಕೋವಿ ಹಾರದೆ ಇರಬಹುದು, ಒಡೆಯಬಹುದು, ತಾನಾಗಿ ಹಾರುವುದಿಲ್ಲ, ಇಷ್ಟನ್ನು ಪೊಲೀಸರ ಮುಂದೆ ಕೇಳಿ, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಅದನ್ನು ಪಡೆಯಿರಿ, ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ ಎಂದು ಹೇಳಿದೆವು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಯಾವಾಗಲೂ ಮುಂದೇನೇ ನಡೀತಿದ್ರು” ಎಂದರು. ಹಣ ತೆಗೆದುಕೊಂಡು ಹೋಗುವುದನ್ನು ಅವರು ಒಪ್ಪಲಿಲ್ಲ. ಕೇಸು ಈಗಲೂ ನಡೆಯುತ್ತಿದೆ, ಆದ್ದರಿಂದ ಅದರ ಬಗ್ಗೆ ಇಲ್ಲಿ ಇಷ್ಟೇ.

ಇಲ್ಲಿ ಬರೆಯುವ, ಓದುವ ಜಿಲ್ಲಾ ಗೆಳೆಯರಿಗೆ ನಾವು ಬಳಸುತ್ತಿರುವ ಪ್ರಶ್ನೆಗಳನ್ನು ಕೊಡುತ್ತೇವೆ. ಕೋವಿಯಿಂದ ಸಾವಾದಾಗ ಠಾಣೆಯಲ್ಲಿ ಕೇಳಿ: ಯಾವ ಬಗೆಯ ಕೋವಿ? ತೋಟಾ ಕಾರ್ಖಾನೆಯದೇ, ಮತ್ತೆ ತುಂಬಿದ್ದೇ? ಯಾರ ಕೈಯಲ್ಲಿತ್ತು? ಕುದುರೆ ಎಳೆದಿತ್ತೇ? ನಳಿಗೆ ಯಾವ ಕಡೆಗಿತ್ತು? ಕೋವಿಯ ಪರೀಕ್ಷೆಗೆ ಕಳಿಸಿದ್ದೀರಾ, ಅಥವಾ ತೋಟಾದ ಪರೀಕ್ಷೆಗೆ ಮಾತ್ರವೇ? ಉತ್ತರ ಸಿಗದಿದ್ದರೆ ‘ಕೋವಿಯಿಂದ ಹಾರಿದ ಗುಂಡು’ ಎಂದು ಬರೆಯಿರಿ. ‘ಮಿಸ್‌ಫೈರ್’ಗಿಂತ ಅದು ಕೆಲವು ಅಕ್ಷರ ಜಾಸ್ತಿ. ನಮ್ಮ ಡೆಸ್ಕಿನವರು ಮೊದಮೊದಲು ಕತ್ತರಿಸಿದರು. ನಾವು ಪ್ರತಿ ಸಲ ಫೋನ್ ಮಾಡಿ ಮೇಲೆ ಹೇಳಿದ್ದನ್ನು ಎರಡು ನಿಮಿಷದಲ್ಲಿ ಹೇಳಿದೆವು. ಕಳೆದ ಮೂರು ಸುದ್ದಿಗಳಲ್ಲಿ ಹಾಗೇ ಬಿಟ್ಟಿದ್ದಾರೆ.

ಟೆಕ್ಸಾಸಿನ ಅಣ್ಣ ಈಗಲೂ ಆಗಾಗ ಕರೆ ಮಾಡುತ್ತಾರೆ. ಕೇಸಿನ ಕತ್ತನ್ನು ಕಾಯಿಸುವ ಹೊಸ ಯಂತ್ರ ತಂದಿದ್ದಾರಂತೆ. ಅಪ್ಪನಿಗೆ ಹೇಳಬೇಡಿ, ಬೇಟೆಗೆ ಒಯ್ಯುವ ತೋಟಾಗಳಿಗೆ ಈಗ ಸ್ವಲ್ಪ ಕ್ರಿಂಪ್ ಹಾಕುತ್ತಿದ್ದೇನೆ ಎಂದರು.